ಸೇತುವೆಯ ಬಳಿ ಕಾಯಿರಿ

ಫೆಬ್ರವರಿ ೬

ಸಂಪಾದಕರಿಗೆ,

ಯುದ್ಧದ ಎರಡನೆಯ ವರ್ಷ ನವೆಂಬರ್ ೧೯ರಂದು ನನ್ನ ತಮ್ಮ ಒಂದು ಸೇತುವೆಯ ಮೇಲೆ ಸತ್ತ. ಅವನಿಗೆ ಇಪ್ಪತ್ಮೂರು ವರ್ಷ. ಲೆಫ್ಟಿನೆಂಟ್ ಆಗಿ ಹತ್ತು ತಿಂಗಳು. ಮರುವರ್ಷ ಫೆಬ್ರವರಿ ೩ರಂದು ಸೇನೆಯ ವಿಚಾರಣಾ ಸಮಿತಿ, ಅವನ ಸಾವಿಗೂ ಅವನ ಜೊತೆ ಸತ್ತ ಏಳು ಸಿಪಾಯಿಗಳ ಸಾವಿಗೂ ಅವನ ಹಠವೇ ಕಾರಣವೆಂದು ಬರೆದಿಟ್ಟಿತು. ಆ ಅನ್ಯಾಯಕ್ಕೆ ಈಗ ಇಪ್ಪತ್ತೆಂಟು ವರ್ಷ. ಹೋದ ನವೆಂಬರಿನಲ್ಲಿ ಬಿಡುಗಡೆಯಾದ ಯುದ್ಧದ ಅಧಿಕೃತ ಇತಿಹಾಸದ ಎರಡನೆಯ ಸಂಪುಟ ೨೧೨ನೆಯ ಪುಟದಲ್ಲಿ ಅದನ್ನೇ ಮತ್ತೆ ಎಸಗಿದೆ: “ಸ್ಪಷ್ಟ ಆದೇಶವಿದ್ದೂ ಟ್ರಕ್ ಹತ್ತಲು ಒಪ್ಪದ ಕಿರಿಯ ಅಧಿಕಾರಿಯೊಬ್ಬನ ಹುಡುಗಾಟದ ಶೌರ್ಯಕ್ಕೆ ಏಳು ಜೀವಗಳು ಬಲಿಯಾದವು.”

ಆ ಪುಟದ ಕರಡು ತಿದ್ದಿದವಳು ನಾನು. ಮೂವತ್ತೈದು ವರ್ಷದಿಂದ ಇದೇ ಪ್ರೆಸ್ಸಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಎದುರಿಗೆ ಕೂತು ಮೂಲಪ್ರತಿ ಓದುವ ಸಹೋದ್ಯೋಗಿ ಆ ವಾಕ್ಯಕ್ಕೆ ಬಂದಾಗ ನಿಲ್ಲಿಸಿ, ಮುಂದಕ್ಕೆ ಹೋಗಲಾ ಎಂದು ಕೇಳಿದ. ಹೋಗು ಎಂದೆ. ವಾಕ್ಯದಲ್ಲಿ ಅಕ್ಷರದೋಷ ಇರಲಿಲ್ಲ. ಸುಳ್ಳನ್ನು ತಿದ್ದಲು ನಮ್ಮ ಕಸುಬಿನಲ್ಲಿ ಯಾವ ಗುರುತೂ ಇಲ್ಲ.

ಆದ್ದರಿಂದ ನನ್ನಲ್ಲಿರುವ ಕಾಗದಗಳನ್ನು ನಿಮಗೆ ಕಳಿಸುತ್ತಿದ್ದೇನೆ. ಅವನವು ನನ್ನ ಕೈ ಸೇರಿದ ಕ್ರಮದಲ್ಲಿವೆ. ನನ್ನವು ಅವನ ಪೆಟ್ಟಿಗೆಯ ಜೊತೆ ವಾಪಸು ಬಂದವು. ಮನೆಯಲ್ಲಿ ನಾವು ಮೂವರೇ: ಅಮ್ಮ, ನಾನು, ನನಗಿಂತ ಎಂಟು ವರ್ಷ ಚಿಕ್ಕವನಾದ ಅವನು. ಶಾಲೆಯಲ್ಲಿ ಉಕ್ತಲೇಖನ ಬರೆಯುವಾಗ ಸೊನ್ನೆಗಳನ್ನೆಲ್ಲ ನುಂಗಿಹಾಕುತ್ತಿದ್ದನೆಂದು ಅವನನ್ನು ಸೊನ್ನೆ ಎಂದೇ ಕರೆಯುತ್ತಿದ್ದೆ. ಈ ಕಾಗದಗಳಲ್ಲಿ ನಾನು ಹೇಳಿದ ಸುಳ್ಳೂ ಇದೆ. ದಯವಿಟ್ಟು ಅದನ್ನು ತೆಗೆಯಬೇಡಿ.

*

ಜೂನ್ ೧೪

ಅಕ್ಕಾ,

ಕ್ಷೇಮವಾಗಿ ತಲುಪಿದೆ. ಮೊದಲು ಇದನ್ನು ಅಮ್ಮನಿಗೆ ಓದಿ ಹೇಳು: ನನಗೆ ಕೊಟ್ಟಿರುವುದು ಕಂಬಳಿ ಉಗ್ರಾಣದ ಕೆಲಸ. ಗುಂಡಿನ ಸದ್ದೂ ಕೇಳದಷ್ಟು ದೂರ. ಬೆಳಗ್ಗೆ ಕಂಬಳಿ ಎಣಿಸುತ್ತೇನೆ, ಸಂಜೆ ಅದೇ ಕಂಬಳಿಗಳನ್ನು ಮತ್ತೆ ಎಣಿಸುತ್ತೇನೆ, ಎರಡೂ ಹೊಂದುವುದಿಲ್ಲ.

ನನ್ನ ಕೈಕೆಳಗೆ ಒಬ್ಬ ಹವಾಲ್ದಾರರಿದ್ದಾರೆ, ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಆರ್ಡರ್ ಕೊಟ್ಟ ಮೇಲೆ ಅವರು ಒಂದು ಸಲ ಕೆಮ್ಮಿದರೆ ಆರ್ಡರ್ ತಪ್ಪು ಅಂತ ಅರ್ಥ. ಎರಡು ಸಲ ಕೆಮ್ಮಿದರೆ ತುಂಬಾ ತಪ್ಪು. ನಿನ್ನೆ ಅವರಿಗೆ ನಿಜವಾಗಿಯೂ ನೆಗಡಿಯಾಗಿತ್ತು. ಇಡೀ ದಿನ ನಾನು ಬಾಯಿಯೇ ಬಿಡಲಿಲ್ಲ.

(ಇಲ್ಲಿ ನಾಲ್ಕು ಸಾಲಿಗೆ ಸೇನೆಯ ಸೆನ್ಸಾರಿನವರು ಮಸಿ ಬಳಿದಿದ್ದಾರೆ.)

ಬೂಟು ಒಣಗುವುದೇ ಇಲ್ಲ. ಉಣ್ಣೆಯ ಕಾಲುಚೀಲ ಕಳಿಸು.

ನಿನ್ನ ಸೊನ್ನೆ

*

ಜೂನ್ ೩೦

ಸೊನ್ನೆಗೆ,

ಕಂಬಳಿಯ ಲೆಕ್ಕಕ್ಕೂ ಮಸಿ ಬಳಿಯುತ್ತಾರಲ್ಲೋ! ನಿಮ್ಮ ಕಂಬಳಿ ಎಷ್ಟು ಅಂತ ತಿಳಿದು ಶತ್ರು ಏನು ಮಾಡುತ್ತಾನೆ, ಹೊದ್ದುಕೊಳ್ಳುತ್ತಾನಾ? ಉಗ್ರಾಣದಲ್ಲಿ ಕೂತವನ ಬೂಟು ಯಾಕೆ ಒದ್ದೆ ಅಂತ ಅಮ್ಮ ಕೇಳಿದಳು. ಚಾವಣಿ ಸೋರುತ್ತಿರಬೇಕು ಅಂದೆ. ಸೇನೆಯವರಿಗೆ ಒಂದು ಚಾವಣಿ ರಿಪೇರಿ ಮಾಡಿಸೋಕೆ ಬರಲ್ವಾ ಅಂತ ಸಂಜೆಯವರೆಗೂ ಬೈದಳು.

ಪ್ರೆಸ್ಸಿನಲ್ಲಿ ಕಾಗದಕ್ಕೆ ತತ್ವಾರ. ಸತ್ತವರ ಪಟ್ಟಿಯನ್ನು ಅತಿ ಚಿಕ್ಕ ಅಚ್ಚುಮೊಳೆಯಲ್ಲಿ ಜೋಡಿಸುತ್ತಿದ್ದಾರೆ. ನನ್ನ ಕನ್ನಡಕ ಬದಲಿಸಬೇಕಾಯಿತು.

ಅಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ, ತಿದ್ದಬಾರದಂತೆ. ಬರೆದಿದ್ದೇನೆ: “ಮಗಾ ಊಟ ಸರಿಯಾಗಿ, ಆ ಬಟ್ಟೆ ನೀನೇ ಒಗೀತೀಯೋ ಇಲ್ಲಾ, ನಿಮ್ಮಕ್ಕ ಇವತ್ತು ಬಾಗಿಲು ಹಾಕ್ದೆ ಹೋದ್ಲು ನೋಡು, ಹಾಂ ಒದ್ದೆ ಕಾಲಲ್ಲಿ ಮಲಗ್ಬೇಡ ಅಷ್ಟೇ ಇನ್ನೇನು, ಇನ್ನೊಂದಿತ್ತು, ಏನದು, ಮರ್ತೋಯ್ತು ತಡಿ”

ತಡೆದೆ. ನೆನಪಾಗಲಿಲ್ಲ. ಕಾಲುಚೀಲ ನಾಲ್ಕು ಜೊತೆ ಕಳಿಸಿದ್ದೇನೆ. ಹವಾಲ್ದಾರರಿಗೂ ಒಂದು ಜೊತೆ ಕೊಡು, ಕೆಮ್ಮು ಕಡಿಮೆಯಾಗಲಿ.

ಅಕ್ಕ

*

ಸೆಪ್ಟೆಂಬರ್ ೫

ಅಕ್ಕಾ,

ಎರಡೂವರೆ ತಿಂಗಳು ಬರೆಯಲಾಗಲಿಲ್ಲ, ಬೈಯಬೇಡ. ಅಕ್ಷರ ಸೊಟ್ಟಗಿದೆ, ಯಾಕೆಂದರೆ ಎಡಗೈಯಲ್ಲಿ ಬರೆಯುತ್ತಿದ್ದೇನೆ. ಉಗ್ರಾಣದ ಬಾಗಿಲು ಬಲಗೈಗೆ ಬಡಿಯಿತು. ವಾಸಿಯಾಗುತ್ತಿದೆ. ಕಾಲುಚೀಲ ಬಂತು. ಹವಾಲ್ದಾರರು ಹಾಕಿಕೊಂಡು ಒಂದು ಸಲವೂ ಕೆಮ್ಮಲಿಲ್ಲ.

ಅಮ್ಮನಿಗೆ ಕೈ ವಿಷಯ ಹೇಳಬೇಡ.

*

ಸೆಪ್ಟೆಂಬರ್ ೨೭

ಸೊನ್ನೆಗೆ,

ಹೇಳಲಿಲ್ಲ. ನಿನ್ನ ಕಾಗದವನ್ನು ನಾನೇ ಓದಿ ಹೇಳುವುದು ಒಳ್ಳೆಯದಾಯಿತು, ಅಕ್ಷರ ಅವಳ ಕಣ್ಣಿಗೆ ಬೀಳಲಿಲ್ಲ. ಬಾಗಿಲು ಅಂದರೆ ಅದೆಂಥ ಬಾಗಿಲೋ ಮಾರಾಯ, ಕೈ ಹೋಗುವಷ್ಟು? ಹೊಸ ಬಾಗಿಲಿಗೆ ಅರ್ಜಿ ಹಾಕು.

ಅಮ್ಮನಿಗೆ ಸ್ವಲ್ಪ ಕೆಮ್ಮು. ಗಾಬರಿಯಾಗುವಂಥದ್ದೇನಿಲ್ಲ. ಡಾಕ್ಟರು ನೋಡಿದ್ದಾರೆ. ಅವರನ್ನೂ ಬೈದು ಕಳಿಸಿದಳು.

*

ಅಕ್ಟೋಬರ್ ೨೦

ಅಕ್ಕಾ,

ಒಂದು ವಿಷಯಕ್ಕೆ ಬೇಗ ಉತ್ತರ ಬೇಕು. ರಜೆಯ ಪಟ್ಟಿ ಬಂದಿದೆ, ನನ್ನ ಹೆಸರು ಮೊದಲನೆಯದು. ನವೆಂಬರ್ ೧೫ರಿಂದ ಹತ್ತು ದಿನ. ಅದರ ಕೆಳಗೆ ಹವಾಲ್ದಾರರ ಹೆಸರು. ಅವರ ಹೆಂಡತಿಗೆ ನವೆಂಬರ್ ಮೂರನೆಯ ವಾರ ಹೆರಿಗೆ. ಈ ಸಲ ಒಬ್ಬರಿಗೆ ಮಾತ್ರ ರಜೆ. ಅವರು ಬಾಯಿಬಿಟ್ಟು ಕೇಳಲಿಲ್ಲ, ಕೆಮ್ಮಲೂ ಇಲ್ಲ. ಪಟ್ಟಿಯ ಮುಂದೆ ಸುಮ್ಮನೆ ನಿಂತಿದ್ದರು.

ಅಮ್ಮ ನಿಜವಾಗಿಯೂ ಚೆನ್ನಾಗಿದ್ದಾಳಾ? ಚೆನ್ನಾಗಿದ್ದರೆ ನನ್ನ ಸರದಿ ಅವರಿಗೆ ಕೊಟ್ಟು ಜನವರಿಯಲ್ಲಿ ಬರುತ್ತೇನೆ. ಇಲ್ಲದಿದ್ದರೆ ನಾನೇ ಹೊರಡುತ್ತೇನೆ. ನೀನು ಹೇಳಿದ ಹಾಗೆ. ಅಮ್ಮನ ಬಾಯಲ್ಲೇ ಎರಡು ಮಾತು ಬರೆಸು.

ಸೊನ್ನೆ

*

ನವೆಂಬರ್ ೨

ಸೊನ್ನೆಗೆ,

ಅಮ್ಮ ಚೆನ್ನಾಗಿದ್ದಾಳೆ. ಕೆಮ್ಮು ನಿಂತಿದೆ. ಹವಾಲ್ದಾರರನ್ನು ಕಳಿಸು. ಹೆಂಡತಿಯ ಹೆರಿಗೆಗೆ ಗಂಡ ಹತ್ತಿರವಿರಬೇಕು. ನೀನು ಜನವರಿಯಲ್ಲಿ ಬಾ, ಅಷ್ಟರಲ್ಲಿ ನಿನ್ನ ಕೋಣೆಗೆ ಸುಣ್ಣ ಹೊಡೆಸುತ್ತೇನೆ.

ಅಮ್ಮ ಹೇಳಿದ್ದು: “ಮಗಾ, ನಾನು ಆರಾಮಾಗಿದ್ದೀನಿ. ನನ್ನ ಬಗ್ಗೆ ಯೋಚನೆ ಮಾಡಬೇಡ. ಕೆಲಸ ಮುಗಿಸಿಕೊಂಡು ನಿಧಾನವಾಗಿ ಬಾ. ಬಿಸಿಯಾಗಿ ಊಟ ಮಾಡು.”

ಅಕ್ಕ

*

ನವೆಂಬರ್ ೨೦

ಸೊನ್ನೆ, ಮಗೂ,

ಈ ಕಾಗದವನ್ನು ಒಬ್ಬನೇ ಇದ್ದಾಗ ಓದು.

ಅಮ್ಮ ಅಕ್ಟೋಬರ್ ಹನ್ನೊಂದಕ್ಕೆ ಹೋದಳು. ಸೆಪ್ಟೆಂಬರಿನಿಂದಲೇ ಆಸ್ಪತ್ರೆಯಲ್ಲಿದ್ದಳು, ಕೆಮ್ಮು ಶ್ವಾಸಕೋಶಕ್ಕೆ ಇಳಿದಿತ್ತು. ನಿನಗೆ ಹೇಳಬಾರದು ಎಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು. “ಅವನು ಅಲ್ಲಿ ಅಳ್ತಾ ಕೂತ್ರೆ ಅವನ ತಲೆ ಯಾರು ಕಾಯ್ತಾರೆ” ಎಂದಳು. ಉಗ್ರಾಣದಲ್ಲಿರುವವನ ತಲೆಗೆ ಏನಾಗುತ್ತದೆ ಅಮ್ಮಾ ಎಂದೆ. ನನ್ನ ಮುಖವನ್ನೇ ನೋಡಿ, “ನೀನು ಅಷ್ಟೊಂದು ಓದಿದ್ದೀಯ, ಒದ್ದೆ ಬೂಟು ನಿನಗೆ ಅರ್ಥ ಆಗ್ಲಿಲ್ವಲ್ಲೇ” ಎಂದಳು. ನೀನು ಉಗ್ರಾಣದಲ್ಲಿಲ್ಲ ಎಂದು ನನಗೆ ಗೊತ್ತಾಗಿದ್ದೇ ಆಗ. ಅವಳಿಗೆ ಜೂನಿನಿಂದಲೇ ಗೊತ್ತಿತ್ತು.

ನವೆಂಬರ್ ಎರಡರ ಕಾಗದದಲ್ಲಿದ್ದ ಅಮ್ಮನ ಮಾತು ನನ್ನದು. ಮೂರು ಸಲ ಬರೆದು ಹರಿದು ನಾಲ್ಕನೆಯ ಸಲ ಕಳಿಸಿದೆ. ಅವಳಿಗೆ ಕೊಟ್ಟ ಮಾತು ಉಳಿಸಬೇಕೆಂದುಕೊಂಡೆ. ಈಗ ಆಗುತ್ತಿಲ್ಲ. ಹವಾಲ್ದಾರರು ಮರಳಿದ ಕೂಡಲೇ ರಜೆ ಕೇಳಿ ಬಂದುಬಿಡು. ಬೈಯುವುದಿದ್ದರೆ ಬಂದು ಬೈ.

ಅಕ್ಕ

(ಇದು ಜನವರಿ ೮ರಂದು “ವಿಳಾಸದಾರರು ಇಲ್ಲ” ಎಂಬ ಮೊಹರಿನೊಂದಿಗೆ, ಒಡೆಯದೆ, ನನಗೇ ಮರಳಿತು. ಸಾವಿನ ತಂತಿ ನವೆಂಬರ್ ೨೭ಕ್ಕೆ ಬಂದಿತ್ತು. ಕೆಳಗಿನ ಕಾಗದ ಡಿಸೆಂಬರ್ ೪ಕ್ಕೆ ಬಂತು.)

*

ನವೆಂಬರ್ ೧೮

ಅಕ್ಕಾ,

ಹವಾಲ್ದಾರರನ್ನು ಮೂರು ದಿನದ ಹಿಂದೆ ಕಳಿಸಿದೆ. ಹೋಗುವಾಗ ಅವರು ಅತ್ತುಬಿಟ್ಟರು, ನಾನು ಎರಡು ಸಲ ಕೆಮ್ಮಿದೆ.

ಇಲ್ಲಿ ಕಂಬಳಿ ಇಲ್ಲ. ಯಾವತ್ತೂ ಇರಲಿಲ್ಲ. ನೀನು ಪಟ್ಟಿಗಳನ್ನು ಓದುವವಳು, ನಿನಗೆ ಗೊತ್ತಾಗಿರುತ್ತದೆ ಅಂತ ಮೊದಮೊದಲು ಹೆದರುತ್ತಿದ್ದೆ. ಆಮೇಲೆ ಬಾಗಿಲಿಗೆ ಅರ್ಜಿ ಹಾಕು ಅಂದೆಯಲ್ಲ, ಆಗ ನೆಮ್ಮದಿಯಾಯಿತು.

ಈಗ ನಿನ್ನ ಸರದಿ. ನಿನ್ನ ಕಾಗದದಲ್ಲಿ ಅಮ್ಮ ನಾಲ್ಕು ವಾಕ್ಯ ಹೇಳಿದ್ದಾಳೆ. ನಾಲ್ಕಕ್ಕೂ ಪೂರ್ಣವಿರಾಮ ಇದೆ. ಅಮ್ಮ ಹುಟ್ಟಿದಾಗಿನಿಂದ ಒಂದು ವಾಕ್ಯವನ್ನಾದರೂ ಮುಗಿಸಿದ್ದನ್ನು ನೋಡಿದ್ದೀಯಾ? ನಿನ್ನ ಬಗ್ಗೆ ಒಂದು ದೂರೂ ಇಲ್ಲ. ಕಾಗದ ಓದಿ ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ. ಕೇಳೋಣ ಅಂದುಕೊಂಡೆ. ಕೇಳಿದರೆ ನೀನು ನಿಜ ಬರೆಯಬೇಕಾಗುತ್ತದೆ. ಬರೆಯಬೇಡ. ಜನವರಿಯವರೆಗೆ ನನಗೆ ಅಮ್ಮ ಚೆನ್ನಾಗಿರುವ ಮನೆಯೊಂದು ಇರಲಿ. ಬಂದ ಮೇಲೆ ಇಬ್ಬರೂ ಕೂತು ಮಾತಾಡೋಣ.

ನೀನು ಒಬ್ಬಳೇ ಇದ್ದೀಯಾ? ಇದಕ್ಕೆ ಮಾತ್ರ ಉತ್ತರ ಬರೆ.

ನಾಳೆ ನಮ್ಮನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಾರೆ ಅಂತ ಮಾತು. ನೋಡೋಣ.

ನಿನ್ನ ಸೊನ್ನೆ

*

ಮರುವರ್ಷ, ಏಪ್ರಿಲ್ ೧೨

ಸೇನಾ ದಾಖಲೆ ಕಚೇರಿಗೆ,

ಊರಿನ ಸ್ಮಾರಕ ಫಲಕದಲ್ಲಿ ನನ್ನ ತಮ್ಮನ ಹೆಸರು ಕೆತ್ತಲು ತಡೆಯೊಡ್ಡಿರುವ ನಿಮ್ಮ ಪತ್ರ ತಲುಪಿತು. ಹೆಸರಿನ ಮಾತು ಹಾಗಿರಲಿ. ಅವನ ಜೊತೆ ಸತ್ತ ಏಳು ಜನರಲ್ಲಿ ಒಬ್ಬನ ತಾಯಿ ಕಳೆದ ವಾರ ನಮ್ಮ ಪ್ರೆಸ್ಸಿಗೆ ಬಂದಿದ್ದರು. ನನ್ನ ಮೇಜಿನ ಮುಂದೆ ನಿಂತು, ಚಪ್ಪಲಿಯನ್ನೂ ಬಿಡದೆ, ನೀರನ್ನೂ ಮುಟ್ಟದೆ ಕೇಳಿದರು: “ಟ್ರಕ್ಕು ಬಂದಿತ್ತಂತೆ. ನಿನ್ನ ತಮ್ಮ ಯಾಕಮ್ಮ ನನ್ನ ಮಗನ್ನ ಹತ್ತಿಸ್ಲಿಲ್ಲ?” ಅವರಿಗೆ ನಾನು ಉತ್ತರ ಕೊಡಬೇಕು. ಆ ದಿನ ಅವನಿಗೆ ಕೊಟ್ಟ ಆದೇಶ ಏನು, ಅದರ ಮಾತುಗಳು ಯಾವುವು? ಇಷ್ಟು ತಿಳಿಸಿದರೆ ಸಾಕು.

*

ಮೇ ೩೦

ಮಹನೀಯರೇ,

ಆದೇಶವು ಸ್ಪಷ್ಟವಾಗಿತ್ತೆಂದು ಸಮಿತಿ ಕಂಡುಕೊಂಡಿದೆ. ಈ ವಿಷಯದಲ್ಲಿ ಮುಂದಿನ ಪತ್ರವ್ಯವಹಾರ ಅಗತ್ಯವಿಲ್ಲ.

ದಾಖಲಾಧಿಕಾರಿ

*

ಹೋದ ಡಿಸೆಂಬರ್ ೨೦

ಅಮ್ಮಾ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ವಿಳಾಸ ಹಳೆಯ ಹವಾಲ್ದಾರರಿಂದ ಸಿಕ್ಕಿತು. ಅವರು ವರ್ಷಕ್ಕೊಂದು ಕಾಗದ ನಿಮಗೆ ಬರೆಯುತ್ತಾರಂತೆ. ಯುದ್ಧದಲ್ಲಿ ನಾನು ನಿಮ್ಮ ತಮ್ಮನ ಮೇಜರ್ ಸಾಹೇಬರ ಶಿಬಿರದಲ್ಲಿ ಟೆಲಿಫೋನ್ ಆಪರೇಟರ್. ಈಗ ಅರವತ್ತು ದಾಟಿದೆ. ಇತಿಹಾಸದ ಪುಸ್ತಕದ ೨೧೨ನೆಯ ಪುಟವನ್ನು ಮೊಮ್ಮಗಳು ಓದಿ ಹೇಳಿದಳು. ಅಂದಿನಿಂದ ಅನ್ನ ಸೇರುತ್ತಿಲ್ಲ.

ಆ ದಿನ ಬೆಳಗ್ಗೆ ಮೇಜರ್ ಸಾಹೇಬರು ಹೇಳಿದ್ದನ್ನು ನಿಮ್ಮ ತಮ್ಮನಿಗೆ ತಲುಪಿಸಿದವನು ನಾನು. ಮಾತು ಇಷ್ಟೇ: “ಟ್ರಕ್ ಕಳಿಸುತ್ತಿದ್ದೇವೆ. ಸೇತುವೆಯ ಬಳಿ ಕಾಯಿರಿ.”

ಮಧ್ಯಾಹ್ನ ಒಂದೂವರೆಗೆ ಟ್ರಕ್ ಸೇತುವೆ ತಲುಪಿತು. ಒಂದು ನಲವತ್ತಕ್ಕೆ ನಿಮ್ಮ ತಮ್ಮ ಫೋನ್ ಮಾಡಿದರು. ಡ್ರೈವರ್ ಎಲ್ಲರೂ ಹತ್ತಿ ಅನ್ನುತ್ತಿದ್ದಾನೆ, ಆದರೆ ಆರ್ಡರ್ ಸೇತುವೆ ಕಾಯಿರಿ ಅಂತ ಇರಬಹುದಲ್ಲ, ಹಿಂದೆ ಬರುವವರಿಗೆ ಸೇತುವೆ ಬೇಕಾಗಿರಬಹುದಲ್ಲ, ಕಾದಿರಬೇಕೋ ಕಾವಲಿರಬೇಕೋ ಕೇಳಿ ಹೇಳಿ ಎಂದರು. ನಕ್ಕೊಂಡೇ ಕೇಳಿದರು. “ಅಣ್ಣಾ, ನಮ್ಮಕ್ಕ ಆಗಿದ್ರೆ ಈ ಆರ್ಡರ್ ಬರೆದೋರ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ಲು” ಎಂದರು. ನಾನು ಪ್ರಶ್ನೆಯನ್ನು ಸಂದೇಶ ಪುಸ್ತಕದಲ್ಲಿ ಬರೆದುಕೊಂಡು ಓಡಿದೆ. ಸಾಹೇಬರು ತಮ್ಮ ಪೆಟ್ಟಿಗೆಗಳನ್ನು ಗಾಡಿಗೆ ಹೇರಿಸುತ್ತಿದ್ದರು. ನನ್ನ ಕಡೆ ತಿರುಗದೆ ಹೇಳಿದರು: “ಅವನಿಗೆ ಭಾಷೆ ಬರಲ್ವಾ? ಕಾಯಿ ಅಂದ್ರೆ ಕಾಯಿ ಅಂತ ಹೇಳು.”

ಅದನ್ನೇ ಹೇಳಿದೆ.

ಎರಡೂಕಾಲಿಗೆ ಮತ್ತೆ ಕೇಳಿದರು. ಒಂದೇ ಒಂದು ಪದ ಸಾಕು ಎಂದರು. ಆಗ ನಗು ಇರಲಿಲ್ಲ. ಸಾಹೇಬರು ಕೈ ಬೀಸಿ ನನ್ನನ್ನು ಕಳಿಸಿದರು. ಮೂರು ಗಂಟೆ ಐದು ನಿಮಿಷಕ್ಕೆ ಕೊನೆಯದು, ಬರೆದುಕೊಂಡಿದ್ದು ಇವತ್ತಿಗೂ ಬಾಯಿಪಾಠ ಇದೆ: “ಟ್ರಕ್ ಇನ್ನು ನಿಲ್ಲಿಸಲಾರೆ. ಗಾಯಗೊಂಡವರನ್ನು ಕಳಿಸುತ್ತಿದ್ದೇನೆ. ಕಾದಿರಬೇಕೋ, ಕಾವಲಿರಬೇಕೋ? ಉತ್ತರ ಬರುವವರೆಗೆ ಉಳಿದ ನಾವು ಎಂಟು ಜನ ಸೇತುವೆಗೆ ಕಾವಲಿರುತ್ತೇವೆ.” ಅಷ್ಟರಲ್ಲಿ ನಮ್ಮ ಶಿಬಿರ ಕಿತ್ತರು. ಫೋನಿನ ತಂತಿ ಬಿಚ್ಚಿದವನೂ ನಾನೇ.

ಸೇತುವೆಗೆ ಕಾವಲು ಬೇಕಾಗಿರಲಿಲ್ಲ ಅಮ್ಮಾ. ಅದನ್ನು ದಾಟಿ ಬರುವವರು ಯಾರೂ ಉಳಿದಿರಲಿಲ್ಲ. ಅದು ನಮಗೆಲ್ಲ ಗೊತ್ತಿತ್ತು, ಅವರಿಗೊಬ್ಬರಿಗೆ ಗೊತ್ತಿರಲಿಲ್ಲ. ಹತ್ತಿ ಬನ್ನಿ ಸಾರ್ ಅಂತ ನಾನೇ ನನ್ನ ಬಾಯಿಂದ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ವಿಚಾರಣೆಯಲ್ಲಿ “ಆದೇಶ ಸ್ಪಷ್ಟವಾಗಿತ್ತು” ಎಂದು ಬರೆದ ಹಾಳೆ ಮುಂದಿಟ್ಟರು. ಸಹಿ ಹಾಕಿದೆ. ಸಂದೇಶ ಪುಸ್ತಕದ ನಲವತ್ತಾರನೆಯ ಪುಟದಲ್ಲಿ ಮೂರೂ ಪ್ರಶ್ನೆಗಳಿವೆ, ಸಾಹೇಬರ ಉತ್ತರವೂ ಇದೆ, ನನ್ನದೇ ಅಕ್ಷರ. ನೀವು ನನ್ನ ಹೆಸರು ಹೇಳಿದರೂ ಸರಿ, ಎಲ್ಲಿಗೆ ಕರೆದರೂ ಬರುತ್ತೇನೆ.

*

ಸಂಪಾದಕರೇ,

ಕಾಗದಗಳು ಇಲ್ಲಿಗೆ ಮುಗಿದವು.

“ಕಾಯು” ಎಂಬ ಪದ ನಿಮ್ಮ ಓದುಗರಿಗೆ ಹೊಸದಲ್ಲ. ಬಸ್ಸಿಗೆ ಕಾಯುತ್ತೇವೆ, ಮನೆಯನ್ನೂ ಕಾಯುತ್ತೇವೆ. ನಡೆದುಹೋದ ಮಾತು ಹೇಳುವಾಗ ಮಾತ್ರ ಬರಹದಲ್ಲಿ ಅದು ಎರಡಾಗಿ ಒಡೆಯುತ್ತದೆ: ಬಸ್ಸಿಗೆ ಕಾದ, ಮನೆ ಕಾಯ್ದ. ಆಜ್ಞೆ ಕೊಡುವಾಗ ಎರಡಕ್ಕೂ ಒಂದೇ ರೂಪ. ಈ ವ್ಯತ್ಯಾಸವನ್ನು ಅವನಿಗೆ ಕಲಿಸಿದವಳು ನಾನು. ತಪ್ಪು ಬರೆದಾಗ ಹತ್ತು ಸಲ ಬರೆಸಿದ್ದೇನೆ. ಇಷ್ಟು ಓದದ ಬೇರೆ ಯಾರಾದರೂ ಆಗಿದ್ದರೆ ಟ್ರಕ್ ಕಂಡ ಕೂಡಲೇ ಹತ್ತಿಬಿಡುತ್ತಿದ್ದರು ಎಂಬ ಯೋಚನೆ ಡಿಸೆಂಬರಿನಿಂದ ನನ್ನನ್ನು ಬಿಟ್ಟಿಲ್ಲ. ಅವನು ಕೇಳಿದ್ದು ತಪ್ಪಲ್ಲ. ಅರ್ಥವಾಗದ ಆಜ್ಞೆಯ ಅರ್ಥ ಕೇಳುವುದು ಅಧಿಕಾರಿಯ ಕೆಲಸ. ಅವನು ಮೂರು ಸಲ ಕೇಳಿದ. ಅದನ್ನು ಹುಡುಗಾಟ ಎಂದು ಬರೆದವರಿಗೆ ಆ ಪದದ ಅರ್ಥವೂ ಗೊತ್ತಿಲ್ಲ.

ಪ್ರೆಸ್ಸಿಗೆ ಬಂದಿದ್ದ ಆ ತಾಯಿ ಏಳು ವರ್ಷದ ಹಿಂದೆ ತೀರಿಕೊಂಡರು. ತಮ್ಮ ಮಗನನ್ನು ಕೊಂದವನು ನನ್ನ ತಮ್ಮನೇ ಎಂದು ನಂಬಿಕೊಂಡೇ ಹೋದರು. ಆಪರೇಟರರ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗಲಿ?

ಡಿಸೆಂಬರ್ ೨೮ರಂದು ದಾಖಲೆ ಕಚೇರಿಗೆ ಬರೆದು ನಲವತ್ತಾರನೆಯ ಪುಟ ಕೇಳಿದೆ. ಜನವರಿ ೩೦ಕ್ಕೆ ಉತ್ತರ ಬಂದಿದೆ. ಪುಸ್ತಕ ಕಳೆದುಹೋಗಿದೆ ಎಂದು ಹೇಳುತ್ತಾರೆಂದುಕೊಂಡಿದ್ದೆ. ಹಾಗೆ ಹೇಳಿಲ್ಲ: “ಸದರಿ ಪುಟವು ಸುಸ್ಥಿತಿಯಲ್ಲಿದೆ. ಸಾರ್ವಜನಿಕ ಹಿತದೃಷ್ಟಿಯಿಂದ ಅದರ ಪ್ರತಿ ನೀಡಲಾಗದು.” ಸಾರ್ವಜನಿಕರಲ್ಲಿ ನಾನೂ ಒಬ್ಬಳು. ನನ್ನ ಯಾವ ಹಿತವನ್ನು ಆ ಪುಟ ಕೆಡಿಸುತ್ತದೆ?

ಆ ದಿನದ ಮೇಜರ್ ಮುಂದೆ ಜನರಲ್ ಆಗಿ ನಿವೃತ್ತರಾದರು. ಇತಿಹಾಸದ ಎರಡನೆಯ ಸಂಪುಟಕ್ಕೆ ಮುನ್ನುಡಿ ಬರೆದವರು ಅವರೇ. ಅದರ ಕರಡೂ ನನ್ನ ಮೇಜಿಗೆ ಬಂದಿತ್ತು. ಸತ್ಯಕ್ಕೆ ಚ್ಯುತಿ ಬಾರದಂತೆ ಎಂದು ಒಂದು ಕಡೆ ಬರೆದಿದ್ದಾರೆ.

ನಾನು ಹೇಳಿದ ಸುಳ್ಳು ಅವನ ರಜೆಯನ್ನು ಕಸಿಯಿತು. ಅವನಿಗೆ ಸುಳಿವು ಸಿಕ್ಕಿತ್ತು, ಸಿಕ್ಕಿಯೂ ಬಿಟ್ಟುಕೊಟ್ಟ. ಅದರಿಂದ ನನ್ನ ಪಾಲು ಕಡಿಮೆಯಾಗುವುದಿಲ್ಲ. ಅದನ್ನು ಇಂದು ನನ್ನ ಸಹಿಯ ಮೇಲೆ ಅಚ್ಚು ಹಾಕಿಸುತ್ತಿದ್ದೇನೆ. ಆಪರೇಟರರು ಅವರದನ್ನು ಒಪ್ಪಿಕೊಂಡಿದ್ದಾರೆ. ಇನ್ನು ಉಳಿದವರು ಒಬ್ಬರು.

ಸರ್ಕಾರ ನಲವತ್ತಾರನೆಯ ಪುಟವನ್ನು ಇದ್ದ ಹಾಗೇ ನಿಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಿ. ಮುನ್ನುಡಿ ಬರೆದ ಜನರಲ್ ಸಾಹೇಬರು ಏಳು ಮನೆಗಳವರೂ ಓದುವಂತೆ, ತಮ್ಮ ಹೆಸರು ಹಾಕಿ, ಇದೇ ಪುಟಗಳಲ್ಲಿ ಉತ್ತರ ಕೊಡಲಿ: ಒಂದು ಗಂಟೆ ನಲವತ್ತು ನಿಮಿಷಕ್ಕೆ ಒಬ್ಬ ಕಿರಿಯ ಅಧಿಕಾರಿ ನಿಮ್ಮ ಮಾತಿನ ಅರ್ಥ ಕೇಳಿದಾಗ, ನೀವು ಹೇಳಿದ್ದೇನು?